ಪ್ಲೇ ಬಟನ್ ಲೈಟ್ ಹತ್ತದಿದ್ದರೆ ಔಟ್‌ಪುಟ್ ಮ್ಯಾಪಿಂಗ್ ನೋಡಿ
ನಿಮ್ಮ ಡಿಜೆ ಕಂಟ್ರೋಲರ್‌ನ (ಲ್ಯಾಪ್‌ಟಾಪ್‌ಗೆ ಜೋಡಿಸುವ ಬಟನ್‌ಗಳ ಸಾಧನ) ಪ್ಲೇ ಲೈಟ್ ಯಾಕೆ ಹತ್ತಲ್ಲ ಅಂತ ಕೇಳಿದ್ದೀರಿ. ಬಟನ್ ಒತ್ತಿದರೆ ಹಾಡು ಶುರುವಾಗುತ್ತದೆ, ಲೈಟ್ ಮಾತ್ರ ಹತ್ತಲ್ಲ ಅಂದರೆ ಬಹುತೇಕ ಔಟ್‌ಪುಟ್ ಮ್ಯಾಪಿಂಗ್, ಅಂದರೆ ಲ್ಯಾಪ್‌ಟಾಪ್‌ನಿಂದ ಯಾವ ಲೈಟಿಗೆ ಯಾವ ಸಂದೇಶ ಹೋಗಬೇಕು ಅನ್ನುವ ಜೋಡಣೆ, ಇಲ್ಲ ಅಂತಲೇ ಅರ್ಥ. ನೀವು ಬಳಸಿದ ಮಿಕ್ಸ್ (Mixxx) ಡಿಜೆ ಸಾಫ್ಟ್‌ವೇರಿನ ಲರ್ನಿಂಗ್ ವಿಝಾರ್ಡ್ ಬಟನ್‌ನಿಂದ ಲ್ಯಾಪ್‌ಟಾಪ್‌ಗೆ ಬರುವ ಸಂದೇಶವನ್ನಷ್ಟೇ ಕಲಿಯುತ್ತದೆ, ವಾಪಸ್ ಲೈಟಿಗೆ ಹೋಗಬೇಕಾದ್ದನ್ನು ನಾವೇ ಸೇರಿಸಬೇಕು. ಸುಮ್ನೆ ಕಂಟ್ರೋಲರನ್ನು ರಿಪೇರಿಗೆ ಅಂತ ನಿಮ್ಮ ಚಿಂತಾಮಣಿಯಿಂದ ಬೆಂಗಳೂರಿಗೆ ಹೊತ್ತುಕೊಂಡು ಹೋಗಬೇಡಿ.

ಮಿಕ್ಸ್‌ನ ಪ್ರಿಫರೆನ್ಸಸ್‌ನಲ್ಲಿ ನಿಮ್ಮ ಕಂಟ್ರೋಲರ್ ತೆರೆಯಿರಿ. ಮೊದಲು ಇನ್‌ಪುಟ್ ಮ್ಯಾಪಿಂಗ್ ಟ್ಯಾಬ್‌ನಲ್ಲಿ ಪ್ಲೇ ಬಟನ್‌ನ ಸಾಲು ಹುಡುಕಿ, ಅದರ ಚಾನೆಲ್ ಮತ್ತು ನೋಟ್ ನಂಬರ್ (ಆ ಬಟನ್ ಕಳಿಸುವ ಸಂದೇಶದ ಗುರುತು) ಬರೆದುಕೊಳ್ಳಿ. ಆಮೇಲೆ ಔಟ್‌ಪುಟ್ ಟ್ಯಾಬ್‌ನಲ್ಲಿ ಹೊಸ ಸಾಲು ಸೇರಿಸಿ ಅದೇ ಚಾನೆಲ್, ಅದೇ ನಂಬರ್ ಹಾಕಿ, ಆಪ್‌ಕೋಡ್ (ಸಂದೇಶದ ಬಗೆ) ನೋಟ್ ಆನ್ ಇರಲಿ. ಆಕ್ಷನ್ ಜಾಗದಲ್ಲಿ ಡೆಕ್ 1ರ (ಸಾಫ್ಟ್‌ವೇರಿನ ಮೊದಲ ಪ್ಲೇಯರ್) ಪ್ಲೇ ಇಂಡಿಕೇಟರ್ ಆರಿಸಿ, ಬರೀ ಪ್ಲೇ ಬೇಡ, ಯಾಕಂದರೆ ನೀವು ಆರಿಸಿದ ಕ್ಯೂ ಮೋಡ್‌ಗೆ (ಕ್ಯೂ, ಪ್ಲೇ ಬಟನ್‌ಗಳು ಹೇಗೆ ವರ್ತಿಸಬೇಕೆಂಬ ಸೆಟ್ಟಿಂಗ್) ತಕ್ಕಂತೆ ಮಿನುಗುವುದು ಇಂಡಿಕೇಟರ್ ಮಾತ್ರ, ಕತ್ತಲ ಸ್ಟೇಜಿನಲ್ಲಿ ಆ ಮಿನುಗು ತುಂಬಾ ಸಹಾಯ. ಆನ್ ವ್ಯಾಲ್ಯೂ 127, ಆಫ್ 0. ಲೈಟ್ ಆನ್ ಆಗುವ ರೇಂಜ್ 0.5ರಿಂದ 1. ಅಪ್ಲೈ ಒತ್ತಿ.

ಹತ್ತಿತಾ? ಹಾಗಾದರೆ ಕ್ಯೂ ಬಟನ್‌ಗೆ ಕ್ಯೂ ಇಂಡಿಕೇಟರ್ ಹಾಕಿ, ಡೆಕ್ 2ಕ್ಕೂ ಹೀಗೇ.

ಹತ್ತದಿದ್ದರೆ ನಂಬರ್ ಬೇರೆ ಇರಬಹುದು. ಜಾಸ್ತಿ ಕಂಟ್ರೋಲರ್‌ಗಳಲ್ಲಿ ಬಟನ್ ಕಳಿಸುವ ನಂಬರೇ ಲೈಟಿಗೂ ನಡೆಯುತ್ತದೆ, ಎಲ್ಲದರಲ್ಲೂ ಅಲ್ಲ. ನೀವು ಮಾಡೆಲ್ ಬರೆದಿಲ್ಲ, ಅದಕ್ಕೆ ಖಚಿತವಾಗಿ ಹೇಳಲಾರೆ. ಕಂಪನಿಯ ಸೈಟಿನಲ್ಲಿ ಮಿಡಿ ಮೆಸೇಜ್ (ಕಂಟ್ರೋಲರ್ ಮತ್ತು ಲ್ಯಾಪ್‌ಟಾಪ್ ನಡುವಿನ ಸಂದೇಶ) ಪಟ್ಟಿಯ ಪಿಡಿಎಫ್ ಸಿಕ್ಕರೆ ಅದರಲ್ಲಿ ಎಲ್‌ಇಡಿ (ಲೈಟ್) ಕಾಲಂ ನೋಡಿ, ಅಲ್ಲಿರುವ ಚಾನೆಲ್, ನಂಬರ್, ವ್ಯಾಲ್ಯೂಗಳನ್ನೇ ಹಾಕಿ. ಬಣ್ಣ ಬದಲಾಗುವ ಪ್ಯಾಡ್‌ಗಳಲ್ಲಿ 127ರ ಬದಲು ಬಣ್ಣಕ್ಕೊಂದು ವ್ಯಾಲ್ಯೂ ಇರುವುದುಂಟು.