ಮೂವತ್ತು ದಾಟಿದ ಮೇಲೆ ಒಬ್ಬರೇ ಬದುಕುವುದು ರೂಢಿಯಾಗುತ್ತದೆಯೇ?

ನಿಮಗೆ ಮೂವತ್ತನಾಲ್ಕು ವರ್ಷ, ಮದುವೆಯಾಗಿಲ್ಲ, ಬೆಂಗಳೂರಿನಲ್ಲಿ ಒಬ್ಬರೇ ಇದ್ದೀರಿ. ಶುಕ್ರವಾರ ಸಂಜೆ ಬಾಗಿಲು ಹಾಕಿಕೊಂಡರೆ ಸೋಮವಾರ ಬೆಳಿಗ್ಗೆಯವರೆಗೆ ಯಾರೊಂದಿಗೂ ಒಂದು ಮಾತಿಲ್ಲ ಎಂದು ಬರೆದಿದ್ದೀರಿ. ಕಾಲ ಕಳೆದಂತೆ ಇದು ರೂಢಿಯಾಗುತ್ತದೆಯೇ ಎಂದು ಕೇಳಿದ್ದೀರಿ.

ನನಗೆ ಮೂವತ್ತೆಂಟು. ಹನುಮಂತನಗರದ ಒಂದು ಮನೆಯ ಮಹಡಿಯಲ್ಲಿ ಒಂಬತ್ತು ವರ್ಷಗಳಿಂದ ಒಬ್ಬನೇ ಇದ್ದೇನೆ. ರೂಢಿಯಾಗುತ್ತದೆ ಎಂದು ನಾನೂ ಬಹಳ ಕಾಲ ನಂಬಿದ್ದೆ. ನಿಜ ಹೇಳಬೇಕೆಂದರೆ, ನನಗೆ ರೂಢಿಯಾದದ್ದು ಅದನ್ನು ಮುಚ್ಚಿಡುವುದೊಂದೇ.

ಮೊದಲು ನನ್ನಿಂದ ಬಿಟ್ಟುಹೋದದ್ದು ಮುದ್ದೆ. ನಾನು ಮದ್ದೂರು ಸೀಮೆಯವನು. ಊರಿನಲ್ಲಿ ಇರುವಷ್ಟು ದಿನ ರಾತ್ರಿ ಮುದ್ದೆ ಉಣ್ಣದೆ ಮಲಗಿದವನಲ್ಲ. ಆದರೆ ಒಬ್ಬನಿಗೆಂದು ಎಸರಿಟ್ಟು, ಹಿಟ್ಟು ಬೇಯಿಸಿ, ಕೋಲು ಹಿಡಿದು ತಿರುವಿ, ಆ ಒಂದು ಮುದ್ದೆಗಾಗಿ ತಳ ಹಿಡಿದ ಪಾತ್ರೆಯನ್ನು ನೆನೆಹಾಕಿ ಉಜ್ಜುವುದಕ್ಕೆ ಮನಸ್ಸೇ ಬರುತ್ತಿರಲಿಲ್ಲ. ಮುದ್ದೆಯಿಂದ ಅನ್ನಕ್ಕೆ ಬಂದೆ, ಅನ್ನದಿಂದ ಬ್ರೆಡ್ಡಿಗೆ, ಅಲ್ಲಿಂದ ಮೊಬೈಲಿನಲ್ಲಿ ತರಿಸಿಕೊಳ್ಳುವ ಡಬ್ಬಿಗೆ. ಅವ್ವ ಫೋನಿನಲ್ಲಿ "ಉಂಡೆಯಾ ಮಗಾ?" ಎಂದು ಕೇಳಿದಾಗಲೆಲ್ಲ ಉಂಡೆ ಎನ್ನುತ್ತಿದ್ದೆ. ಅವ್ವ ತೀರಿಕೊಂಡ ಮೇಲೆ ಸುಳ್ಳು ಹೇಳುವ ಅಗತ್ಯವೂ ಉಳಿಯಲಿಲ್ಲ, ಕೇಳುವವರೇ ಇರಲಿಲ್ಲ.

ನಾಲ್ಕು ವರ್ಷದ ಹಿಂದೆ ಮಳೆಗಾಲದಲ್ಲಿ ನನಗೆ ಡೆಂಗಿ ಬಂತು. ಸಾಮಾನ್ಯ ಜ್ವರ ಎಂದುಕೊಂಡು ಮಾತ್ರೆ ನುಂಗಿ ಮಲಗಿದವನಿಗೆ ಏಳಲು ಆಗಲಿಲ್ಲ. ಮೂರನೆಯ ದಿನ ಯಾರೋ ಬಾಗಿಲು ಬಡಿದರು. ಕೆಳಮನೆಯ ಮಾಲೀಕರ ತಾಯಿ, ಮಂಡಿನೋವಿನ ಅಜ್ಜಿ, ಇಪ್ಪತ್ತೊಂದು ಮೆಟ್ಟಿಲು ಹತ್ತಿ ಬಂದಿದ್ದರು. "ಎರಡು ದಿನದ ಹಾಲಿನ ಪ್ಯಾಕೆಟ್ಟು ಇಲ್ಲೇ ಇದೆಯಲ್ಲಪ್ಪ, ಏನಾಯಿತು?" ಎಂದರು. ಆಸ್ಪತ್ರೆಗೆ ಆಟೋದಲ್ಲಿ ಅವರೇ ಜೊತೆ ಬಂದರು. ರೋಗಿಯ ಕಡೆಯವರು ಯಾರು ಎಂದು ನರ್ಸ್ ಕೇಳಿದಾಗ ನಾನು ಉತ್ತರಕ್ಕೆ ತಡಕಾಡಿದೆ. ಅಜ್ಜಿ ತಡಕಾಡಲಿಲ್ಲ. "ನಾನಿದ್ದೇನೆ, ಬರೆದುಕೊಳ್ಳಮ್ಮ" ಎಂದರು. ಐದು ವರ್ಷ ಅವರ ತಲೆಯ ಮೇಲೆ ಓಡಾಡಿದ್ದ ನನಗೆ ಅವರ ಹೆಸರು ಗೊತ್ತಿರಲಿಲ್ಲ. ಬಾಡಿಗೆ ಕೊಡುವಾಗ ಒಂದು ನಮಸ್ಕಾರ, ಅಷ್ಟೇ ನಮ್ಮ ಪರಿಚಯ.

ಜನ ಇರಲಿಲ್ಲವೆಂದಲ್ಲ. ನಾನೇ ಹಿಂದೆ ಸರಿಯುತ್ತಾ ಬಂದಿದ್ದೆ. ಸಹೋದ್ಯೋಗಿ ಗೃಹಪ್ರವೇಶಕ್ಕೆ ಕರೆದರೆ, ಒಂಟಿ ಎಂದು ಕನಿಕರಕ್ಕೆ ಕರೆಯುತ್ತಿದ್ದಾನೆ ಎನಿಸುತ್ತಿತ್ತು. ಗೆಳೆಯ ಎರಡು ದಿನ ಫೋನ್ ಮಾಡದಿದ್ದರೆ, ಹೆಂಡತಿ ಮಕ್ಕಳಿರುವವನಿಗೆ ನಾನೇಕೆ ಬೇಕು ಎನಿಸುತ್ತಿತ್ತು. ಒಂಟಿತನದ ಬಗ್ಗೆ ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನೋವಿಜ್ಞಾನಿ ಜಾನ್ ಕಚೊಪ್ಪೊ ಅವರ ವಿಚಾರಗಳನ್ನು ಓದಿದಾಗ ನನಗೆ ನನ್ನದೇ ಪರಿಚಯವಾಯಿತು. ಒಂಟಿತನ ಹಸಿವು ಬಾಯಾರಿಕೆಗಳ ಹಾಗೆ ದೇಹ ಕೊಡುವ ಸೂಚನೆ ಎನ್ನುತ್ತಿದ್ದರು ಅವರು. ಆದರೆ ಅದು ಬಹುಕಾಲ ಉಳಿದರೆ ಮನಸ್ಸು ಕಾವಲಿಗೆ ನಿಲ್ಲುತ್ತದೆ, ಎದುರಿನವರ ಸಣ್ಣ ಮಾತಿನಲ್ಲೂ ತಿರಸ್ಕಾರವನ್ನು ಹುಡುಕುತ್ತದೆ. ಆಗ ಜನ ಹೆಚ್ಚು ಬೇಕಾದ ಹೊತ್ತಿನಲ್ಲೇ ನಾವು ಜನರಿಂದ ದೂರ ಹೋಗುತ್ತೇವೆ. ಹಸಿವು ಯಾರಿಗಾದರೂ ರೂಢಿಯಾಯಿತೆಂದರೆ ನಾವು ಸಂತೋಷಪಡುತ್ತೇವೆಯೇ? ನಿಮಗೂ ಇದು ರೂಢಿಯಾಗಬಾರದೆಂದೇ ನನ್ನ ಆಸೆ.

ಇನ್ನು ಮದುವೆಯ ಮಾತು. ಮದುವೆಯೊಂದಾದರೆ ಎಲ್ಲ ಸರಿಹೋಗುತ್ತದೆ ಎಂದು ನಿಮಗೂ ಎಲ್ಲರೂ ಹೇಳಿರುತ್ತಾರೆ. ಇದಕ್ಕೆ ನನ್ನ ದೊಡ್ಡಪ್ಪನ ಮಗನ ಕತೆ ಹೇಳಬೇಕು. ಅಣ್ಣನಿಗೆ ನನಗಿಂತ ಎರಡು ವರ್ಷ ಹೆಚ್ಚು. ಊರಿನಲ್ಲಿ ಕಬ್ಬು, ರೇಷ್ಮೆ ಎಲ್ಲ ಇದೆ. ರೈತನಿಗೆ ಹೆಣ್ಣು ಕೊಡುವವರಿಲ್ಲ. ಅವನು ಒಬ್ಬನೇ ಇಲ್ಲ, ಮನೆ ತುಂಬ ಜನ: ದೊಡ್ಡಮ್ಮ, ತಮ್ಮ, ತಮ್ಮನ ಹೆಂಡತಿ, ಮಕ್ಕಳು. ಆದರೂ ರಾತ್ರಿ ಊಟ ಮುಗಿಸಿ ಪಂಪ್‌ಸೆಟ್ ಮನೆಗೆ ಹೋಗಿ ಮಲಗುತ್ತಾನೆ. ಮನೆಯಲ್ಲಿ ಎಲ್ಲರೂ ತನ್ನನ್ನು ನೋಡಿ ಮಾತು ನಿಲ್ಲಿಸುತ್ತಾರೆ ಎನ್ನುತ್ತಿದ್ದ.

2023ರ ಫೆಬ್ರವರಿಯಲ್ಲಿ ನಮ್ಮ ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಾದಪ್ಪನ ಬೆಟ್ಟಕ್ಕೆ ಮೂವತ್ತು ದಾಟಿದ ಅವಿವಾಹಿತ ಯುವಕರು ಪಾದಯಾತ್ರೆ ಹೋದದ್ದು ನಿಮಗೆ ನೆನಪಿರಬಹುದು. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಟಿ.ವಿ.ಯಲ್ಲಿ ನೋಡಿದ ಎಷ್ಟೋ ಜನ ನಕ್ಕರು. ನನ್ನ ಕಚೇರಿಯಲ್ಲೂ ನಕ್ಕರು, ನಾನು ತಲೆ ತಗ್ಗಿಸಿ ಕೂತಿದ್ದೆ, ಏಕೆಂದರೆ ಅಣ್ಣ ಆ ಗುಂಪಿನಲ್ಲಿದ್ದ. ಹಿಂತಿರುಗಿದ ಮೇಲೆ ಅವನು ಹೇಳಿದ್ದು ಇಷ್ಟು: "ಮೂರು ದಿನ ಯಾರೂ ನನ್ನನ್ನು 'ಮದುವೆ ಯಾವಾಗ' ಎಂದು ಕೇಳಲಿಲ್ಲ ಕಣಪ್ಪ. ತಾಳಬೆಟ್ಟದ ಹತ್ತಿರ ಕಾಲು ಬೊಬ್ಬೆ ಬಂದು ಕೂತೆ, ಇಬ್ಬರು ನಿಂತು ಕಾದರು." ಅವನಿಗೆ ಇನ್ನೂ ಮದುವೆಯಾಗಿಲ್ಲ. ಆದರೆ ಆ ಇಬ್ಬರು ಈಗಲೂ ವಾರಕ್ಕೊಮ್ಮೆ ಬೈಕಿನಲ್ಲಿ ಗದ್ದೆಗೆ ಬರುತ್ತಾರೆ.

ಅವನ ಮಾತು ಕೇಳಿದ ದಿನ ನನಗೆ ಹೊಳೆಯಿತು: ಮದುವೆಯಾಗದಿರುವುದು ಒಂದು ಸಂಗತಿ, ಒಂಟಿಯಾಗಿರುವುದು ಇನ್ನೊಂದು. ಎರಡನ್ನೂ ಒಂದೇ ಗಂಟು ಕಟ್ಟಿ, ಮೊದಲನೆಯದು ಬಗೆಹರಿಯುವವರೆಗೆ ಎರಡನೆಯದನ್ನು ನಾನು ಮುಟ್ಟಿಯೇ ಇರಲಿಲ್ಲ. ಅದೇ ವರ್ಷ ಮೇ ತಿಂಗಳಿನಲ್ಲಿ ಆಗ ಅಮೆರಿಕದ ಸರ್ಜನ್ ಜನರಲ್ (ಜನರ ಆರೋಗ್ಯದ ಬಗ್ಗೆ ದೇಶಕ್ಕೆ ಸಲಹೆ ಕೊಡುವ ಸರ್ಕಾರಿ ವೈದ್ಯಾಧಿಕಾರಿ) ಆಗಿದ್ದ ವಿವೇಕ್ ಮೂರ್ತಿ ಒಂಟಿತನದ ಬಗ್ಗೆ ಇಡೀ ದೇಶಕ್ಕೆ ಎಚ್ಚರಿಕೆಯ ವರದಿ ಕೊಟ್ಟರು. ಜನಸಂಪರ್ಕವಿಲ್ಲದ ಬದುಕು ಆಯುಷ್ಯಕ್ಕೆ ಮಾಡುವ ಕೇಡು ದಿನಕ್ಕೆ 15 ಸಿಗರೇಟು ಸೇದುವುದಕ್ಕೆ ಹತ್ತಿರ ಎಂದಿತು ಆ ವರದಿ. ಅವರ ಮನೆತನ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆಯದು. ತಾವೂ ಒಂಟಿತನದಿಂದ ನರಳಿದ್ದನ್ನು ಅವರು ಮುಚ್ಚಿಟ್ಟಿಲ್ಲ. ನನ್ನ ಅಣ್ಣ ನಡೆದು ಹೇಳಿದ್ದನ್ನೇ ಅವರು ಬರೆದು ಹೇಳಿದರು ಎಂದು ನನಗೆ ಅನಿಸುತ್ತದೆ, ಅಣ್ಣನ ಗುಂಪನ್ನು ನೋಡಿ ನಕ್ಕವರ ಮೇಲೆ ಇವತ್ತಿಗೂ ಸಿಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಈ ನೋವಿದೆ. ನೀವು ನಾಚಬೇಕಾದದ್ದು ಇಲ್ಲಿ ಏನೂ ಇಲ್ಲ.

ನಾನು ಮಾಡಿದ್ದು ದೊಡ್ಡದೇನಲ್ಲ. ಲಾಲ್‌ಬಾಗಿನಲ್ಲಿ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹಕ್ಕಿ ನೋಡುವವರು ಸೇರುತ್ತಾರೆ, ದಶಕಗಳಿಂದ ನಡೆದುಬಂದ ಪದ್ಧತಿ. ಮೊದಲ ಎರಡು ಸಲ ಹಿಂದೆ ನಿಂತು ಬಂದೆ. ಮೂರನೆಯ ಸಲ ಕೆರೆಯ ಮೇಲೆ ಹೆಜ್ಜಾರ್ಲೆಯೊಂದು (ಪೆಲಿಕನ್) ಇಳಿಯಿತು. ನನಗೆ ತಡೆಯಲಾಗಲಿಲ್ಲ, ನಮ್ಮ ಊರಿನ ಪಕ್ಕದ ಕೊಕ್ಕರೆಬೆಳ್ಳೂರಿನ ಬಗ್ಗೆ ಹೇಳತೊಡಗಿದೆ. ಅಲ್ಲಿ ಇವು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ, ಊರಿನವರು ಇವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಕಾಣುತ್ತಾರೆ ಎಂದೆ. ಹೇಳುತ್ತಿದ್ದಂತೆ ನನ್ನ ಗಂಟಲು ಕಟ್ಟಿತು. ಹಕ್ಕಿಯನ್ನೂ ಮಗಳೆನ್ನುವ ಅದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣದ ಲಿಂಗ ಪತ್ತೆ ನಡೆಯುತ್ತಿದ್ದದ್ದು 2023ರ ಕೊನೆಗೆ ಹೊರಬಿದ್ದಿತ್ತು. ಅಣ್ಣನಂಥವರ ಕತೆಗೆ ಅದೂ ಒಂದು ಬೇರು. ಅದನ್ನೂ ಹೇಳಿದೆ. ಹತ್ತು ನಿಮಿಷ ಯಾರೂ ನನ್ನ ಮಾತು ತಡೆಯಲಿಲ್ಲ. ಮುಂದೆ ಒಂದು ತಿಂಗಳು ಹೋಗಲಾಗಲಿಲ್ಲ. ಆಮೇಲೆ ಹೋದಾಗ ನಿವೃತ್ತ ಮೇಷ್ಟ್ರೊಬ್ಬರು "ಹೋದ ಸಲ ಬರಲಿಲ್ಲವಲ್ಲ?" ಎಂದರು. ಎಷ್ಟು ವರ್ಷದ ಮೇಲೆ ಆ ಮಾತು ಕೇಳಿದೆನೋ!

ಹಕ್ಕಿಗಳೇ ಆಗಬೇಕೆಂದಿಲ್ಲ. ಭಜನೆ, ಶಟಲ್, ಓದುಗರ ಕೂಟ, ಯಾವುದಾದರೂ ಆಗಬಹುದು. ಒಂದೇ ದಿನ, ಒಂದೇ ಜಾಗ, ಅದೇ ಮುಖಗಳಿರಬೇಕು, ನೀವು ತಪ್ಪಿಸಿಕೊಂಡರೆ ಯಾರಿಗಾದರೂ ತಿಳಿಯಬೇಕು. ಮೊದಲ ಕೆಲವು ಸಲ ಬೇಸರವಾಗುತ್ತದೆ, ವಾಪಸ್ ಬಂದುಬಿಡೋಣ ಎನಿಸುತ್ತದೆ. ಆ ಎನಿಸಿಕೆಯನ್ನು ನಂಬಬೇಡಿ.

ಮದುವೆಯ ಆಸೆಯನ್ನು ನಾನು ಬಿಟ್ಟಿಲ್ಲ. ಕೆಲವು ರಾತ್ರಿ ಪಕ್ಕದಲ್ಲಿ ಒಬ್ಬರ ಉಸಿರಿನ ಸದ್ದು ಬೇಕೆನಿಸುತ್ತದೆ, ಅದಕ್ಕೆ ಮೇಷ್ಟ್ರಾಗಲಿ ಅಜ್ಜಿಯಾಗಲಿ ಪರಿಹಾರವಲ್ಲ. ಆ ನೋವು ಇದೆ. ಇಲ್ಲವೆಂದು ಹೇಳಿ ನಿಮಗೆ ಮೋಸ ಮಾಡಲಾರೆ.

ನಿದ್ದೆ ವಾರಗಟ್ಟಲೆ ಕೆಟ್ಟಿದ್ದರೆ, ಬದುಕೇ ಬೇಡ ಎನಿಸುತ್ತಿದ್ದರೆ, ಕೂಟ ಹುಡುಕುತ್ತಾ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416ಕ್ಕೆ ಕರೆ ಮಾಡಿ. ದಿನದ ಯಾವ ಹೊತ್ತಿನಲ್ಲಾದರೂ ಮಾಡಬಹುದು, ಹಣ ಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು.

ಉಳಿದಂತೆ, ಈ ಶುಕ್ರವಾರ ಬಾಗಿಲು ಹಾಕಿಕೊಳ್ಳುವ ಮೊದಲು ಪಕ್ಕದ ಮನೆಗೋ ಕೆಳಮನೆಗೋ ಹೋಗಿ ನಿಮ್ಮ ಮನೆಯ ಇನ್ನೊಂದು ಬೀಗದ ಕೈ ಕೊಟ್ಟು ಬನ್ನಿ. ಹೇಗೆ ಮಾತು ತೆಗೆಯುವುದೆಂದು ತೋಚದಿದ್ದರೆ, "ಇದೊಂದು ನಿಮ್ಮ ಹತ್ತಿರ ಇರಲಿ ಅಮ್ಮ, ಮನೆಯಲ್ಲಿ ನನ್ನ ಬಿಟ್ಟು ಬೇರೆ ಯಾರೂ ಇಲ್ಲ" ಎಂದರೆ ಸಾಕು.