ಮೂರನೇ ಬೆಂಚಿನ ತಾಯಿ

ಮಕ್ಕಂದೂರು ಕಡೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇಷ್ಟು: "2018ರ ಆಗಸ್ಟ್ ಮಳೆಯಲ್ಲಿ ನಮ್ಮ ಮನೆ ಹಿಂದಿನ ಗುಡ್ಡದ ಬರೆ ಕುಸಿಯಿತು. ಮಣ್ಣು ಅಡುಗೆಮನೆ ಗೋಡೆ ತನಕ ಬಂದು ನಿಂತಿತು. ಪಕ್ಕದ ಮನೆ ಪೂರ್ತಿ ಹೋಯಿತು, ಆ ಮನೆಯ ಹುಡುಗನೂ ಹೋದ. ಅವರೂ ನಮ್ಮ ಸಭೆಯವರೇ. ಪ್ರತಿ ಮಳೆಗಾಲ ಪ್ರಾರ್ಥನಾ ಕೂಟದಲ್ಲಿ ನನ್ನನ್ನು ಸಾಕ್ಷಿ ಹೇಳಲು, ಅಂದರೆ ದೇವರು ಕಾಪಾಡಿದ್ದನ್ನು ಎಲ್ಲರ ಮುಂದೆ ಹೇಳಲು, ಎಬ್ಬಿಸುತ್ತಾರೆ. ಮೂರನೇ ಬೆಂಚಿನಲ್ಲಿ ಆ ತಾಯಿ ಕೂತಿರುತ್ತಾರೆ. ದೇವರು ತನ್ನ ಜನರನ್ನು ಕಾಯುತ್ತಾನೆ ಅಂತ ಅವರ ಮುಂದೆ ಹೇಗೆ ಹೇಳಲಿ?"

ಪ್ರಿಯ ಸಹೋದರಿ,

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಆ ವರ್ಷ ನಾವೂ ಇದೇ ಪತ್ರಿಕೆಯಲ್ಲಿ ಉಳಿದವರ ಸಾಕ್ಷಿಗಳನ್ನೇ ಸಾಲಾಗಿ ಹಾಕಿದೆವು. ಹೋದವರ ಮನೆಗೆ ಒಂದು ಪುಟವನ್ನೂ ಕೊಡಲಿಲ್ಲ. ನಿಮ್ಮ ಪತ್ರ ಓದಿದ ಮೇಲೆ ಹಳೆ ಸಂಚಿಕೆ ತೆಗೆದು ನೋಡಿದೆ. ನಾಚಿಕೆ ಆಯಿತು.

ಬೈಬಲ್ಲಿನಲ್ಲಿ ಬಿಡುಗಡೆಯ ಕತೆಗಳಿಗೆ ಬರವಿಲ್ಲ. ಕೆಂಪು ಸಮುದ್ರ, ಸಿಂಹಗಳ ಗುಹೆ, ಉರಿಯುವ ಕುಲುಮೆ ಎಲ್ಲ ನಿಮಗೆ ಭಾನುವಾರ ಶಾಲೆಯಿಂದ ಗೊತ್ತು. ನಾನು ಹೇಳಬೇಕಾದ್ದು ಅಪೊಸ್ತಲರ ಕೃತ್ಯಗಳ 12ನೇ ಅಧ್ಯಾಯ. ಯೇಸುವಿನ ಶಿಷ್ಯ ಪೇತ್ರ ಸೆರೆಮನೆಯಿಂದ ಹೊರಬಂದದ್ದು ಅಲ್ಲೇ. ಎರಡು ಸರಪಳಿ, ನಾಲ್ಕು ನಾಲ್ಕು ಸಿಪಾಯಿಗಳ ನಾಲ್ಕು ತಂಡ. ದೂತ ಬಂದು ಪಕ್ಕೆಗೆ ತಟ್ಟಿ ಎಬ್ಬಿಸುತ್ತಾನೆ, ಕಬ್ಬಿಣದ ಬಾಗಿಲು ತಾನೇ ತೆರೆಯುತ್ತದೆ. ನಾವು ಕೂಟಗಳಲ್ಲಿ ಇಲ್ಲಿಂದಲೇ ಓದಲು ಶುರು ಮಾಡುತ್ತೇವೆ. ಆದರೆ ಅಧ್ಯಾಯ ಇಲ್ಲಿಂದ ಶುರುವಾಗುವುದಿಲ್ಲ, ಅಲ್ವಾ? ಎರಡನೇ ವಚನ ನೋಡಿ. ರಾಜ ಹೆರೋದನು ಇನ್ನೊಬ್ಬ ಶಿಷ್ಯ ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಅಷ್ಟೇ. ಯಾಕೋಬನಿಗೆ ಸಿಕ್ಕಿದ್ದು ಒಂದೇ ಒಂದು ವಚನ.

ಅದೇ ಊರು, ಅದೇ ರಾಜ, ಅದೇ ಸಭೆ. ಪೇತ್ರ, ಯಾಕೋಬ, ಯೋಹಾನ ಮೂವರೂ ಯೇಸುವಿನ ಜೊತೆ ಬೆಟ್ಟ ಹತ್ತಿದವರು. ಪೇತ್ರನಿಗಾಗಿ ಸಭೆ ಆಸಕ್ತಿಯಿಂದ ಪ್ರಾರ್ಥಿಸಿತು, ಸರಿ. ಯಾಕೋಬನಿಗಾಗಿ ಪ್ರಾರ್ಥಿಸದೆ ಸುಮ್ನೆ ಇದ್ದಿರುತ್ತಾರಾ? ನನಗಂತೂ ನಂಬಲಾಗದು. ಈ ಪುಸ್ತಕ ಬರೆದ ಲೂಕ ಕಾರಣ ಹೇಳುವುದಿಲ್ಲ. ಯಾಕೋಬನ ನಂಬಿಕೆ ಕಡಿಮೆ ಇತ್ತು ಅಂತಲೂ ಬರೆಯುವುದಿಲ್ಲ. ಪೇತ್ರ ತಪ್ಪಿಸಿಕೊಂಡ ಮೇಲೆ ಆ ಕಾವಲುಗಾರರನ್ನೂ ಹೆರೋದ ಕೊಲ್ಲಿಸಿದ. ಅವರ ಹೆಂಡಿರು ಮಕ್ಕಳನ್ನು ನಮ್ಮ ಸಾಕ್ಷಿಗಳಲ್ಲಿ ಯಾರೂ ನೆನೆಯುವುದಿಲ್ಲ.

ಯೋಹಾನನ ಬಗ್ಗೆ ನಾನು ಜಾಸ್ತಿ ಯೋಚಿಸಿದ್ದೇನೆ. ಗೆಳೆಯ ಬಾಗಿಲು ತಟ್ಟಿ ಜೀವಂತ ಬಂದ. ಅಣ್ಣ ಬರಲಿಲ್ಲ. ಪೇತ್ರ ಆ ರಾತ್ರಿಯ ಕತೆ ಹೇಳುವಾಗ ಯೋಹಾನ ಎದುರಿಗಿದ್ದರೆ ಪೇತ್ರನ ದನಿ ಹೇಗಿದ್ದಿರಬಹುದು? ನಿಮ್ಮ ಪ್ರಶ್ನೆಯೂ ಅದೇ.

ಹಾಗಾದರೆ ದೇವರನ್ನು ಆಶ್ರಯಿಸಿದವನಿಗೆ ಕೇಡು ತಟ್ಟದು ಅನ್ನುವ 91ನೇ ಕೀರ್ತನೆ ಸುಳ್ಳಾ? ಅಲ್ಲ. ಆದರೆ ಆ ಕೀರ್ತನೆಯನ್ನು ಲೆಕ್ಕದ ಪುಸ್ತಕದಂತೆ ಓದಿದವನು ಯಾರು ಅಂತ ನೆನಪಿಸಿಕೊಳ್ಳಿ. ದೇವಾಲಯದ ತುದಿಯಲ್ಲಿ ನಿಲ್ಲಿಸಿ, ಕೆಳಗೆ ಧುಮುಕು, ದೂತರು ಹಿಡಿಯುತ್ತಾರೆ ಅಂದವನು ಸೈತಾನ. ಯೇಸು ಧುಮುಕಲಿಲ್ಲ. ರಾಜನ ಬೊಂಬೆಗೆ ಅಡ್ಡ ಬೀಳದೆ ಉರಿಯುವ ಕುಲುಮೆಯ ಮುಂದೆ ನಿಂತ ಆ ಮೂವರು ಯುವಕರೂ ರಾಜನಿಗೆ ಹೇಳಿದ್ದು ಎರಡು ಮಾತು. ನಮ್ಮ ದೇವರು ಬಿಡಿಸಬಲ್ಲ ಅನ್ನುವುದು ಒಂದು. ಬಿಡಿಸದೆ ಹೋದರೂ ನಿನ್ನ ಬೊಂಬೆಗೆ ಅಡ್ಡ ಬೀಳುವುದಿಲ್ಲ ಅನ್ನುವುದು ಇನ್ನೊಂದು. ಕೂಟಗಳಲ್ಲಿ ಎರಡನೆಯದನ್ನು ಹೇಳಿದ್ದು ಕೇಳಿದ್ದು ಕಡಿಮೆ.

ನಮ್ಮ ಕೊಡಗು ಜಿಲ್ಲೆಯ ಮಾತೂ ಒಂದಿದೆ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚು 1792ರದ್ದು. ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕ್ರೈಸ್ತರಿಗೆ ನೆಲೆ ಕೊಟ್ಟವನು ಕೊಡಗಿನ ರಾಜ ದೊಡ್ಡವೀರರಾಜೇಂದ್ರ. ಅವನು ಲಿಂಗಾಯತ ಅರಸ, ತಾನೂ ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡವನು. ನಾವು ಈ ಕತೆಯನ್ನು ಬಿಡುಗಡೆಯ ಕತೆ ಅಂತ ಹೇಳುತ್ತೇವೆ, ಸರಿಯೇ. ಆದರೆ ದಾರಿಯಲ್ಲಿ, ಸೆರೆಯಲ್ಲಿ ಸತ್ತವರು ಎಷ್ಟೋ ಮಂದಿ. ಅವರೂ ಅದೇ ಜಪ ಹೇಳಿದವರೇ. ಉಳಿದವರ ಮೊಮ್ಮಕ್ಕಳು ಕತೆ ಹೇಳಿದರು. ಸತ್ತವರಿಗೆ ಹೇಳುವವರೇ ಇರಲಿಲ್ಲ.

ಇನ್ನು ನಿಮ್ಮ ಸಾಕ್ಷಿಯ ವಿಷಯ. ಎದ್ದು ನಿಲ್ಲಬೇಡಿ ಅನ್ನುವುದಿಲ್ಲ. ನೀವು ಉಳಿದದ್ದಕ್ಕೆ ಕೃತಜ್ಞತೆ ಹೇಳುವುದು ತಪ್ಪಲ್ಲ, ಅದನ್ನು ನುಂಗಿಕೊಂಡು ಕೂರುವುದೂ ಬೇಡ. "ಅದಕ್ಕೇ ಉಳಿದೆವು" ಅನ್ನುವ ಒಂದು ಮಾತನ್ನು ಬಿಟ್ಟುಬಿಡಿ. ಪ್ರಾರ್ಥಿಸಿದ್ದಕ್ಕೇ, ಉಪವಾಸ ಇದ್ದದ್ದಕ್ಕೇ ಅಂತ ಸೇರಿಸಿದ ಕೂಡಲೇ ಮೂರನೇ ಬೆಂಚಿಗೆ ಕಲ್ಲು ಬೀಳುತ್ತದೆ. ಮಣ್ಣು ಗೋಡೆ ತನಕ ಬಂತು, ನಿಂತಿತು, ಯಾಕೆಂದು ನನಗೆ ಗೊತ್ತಿಲ್ಲ ಅಂತ ಹೇಳಿ. ಆ ಹುಡುಗನ ಹೆಸರನ್ನೂ ಹೇಳಿ. ಆದರೆ ಮೊದಲು ಆ ತಾಯಿಯನ್ನು ಕೇಳಿ. ಬೇಡ ಅಂದರೆ ಆ ವರ್ಷ ಸಾಕ್ಷಿ ಬೇಡ.

ಅವರ ಮನೆಗೆ ಹೋಗುವಾಗ 91ನೇ ಕೀರ್ತನೆ ಹಿಡಿದು ಹೋಗಬೇಡಿ. 88 ಇದೆ. ಕೊನೆಯ ಸಾಲಿನ ತನಕ ಕತ್ತಲೆಯೇ ಇರುವ ಪ್ರಾರ್ಥನೆ ಅದು, ಆದರೂ ಬೈಬಲ್ಲಿನಲ್ಲಿ ಅದಕ್ಕೆ ಜಾಗ ಸಿಕ್ಕಿದೆ. ಅದನ್ನೂ ಓದುವ ಮನಸ್ಸಾಗದಿದ್ದರೆ ಒಂದು ಲೋಟ ಕಾಫಿ ಕುಡಿದು, ಅವರು ಮಗನ ವಿಷಯ ಹೇಳಿದಷ್ಟು ಹೊತ್ತು ಕೇಳಿ ಬನ್ನಿ.

ನೀವು ಕೇಳಿಕೊಂಡಂತೆ ಹೆಸರು ಹಾಕಿಲ್ಲ. ಆ ತಾಯಿ ಬರೆಯಲು ಒಪ್ಪಿದರೆ ಮುಂದಿನ ಸಂಚಿಕೆಯಲ್ಲಿ ಅವರಿಗೆ ಪುಟ ಇದೆ.

-ಸಂ.