ಒಂದು ಮನೆಗೆ ಒಂದೇ ಕಾವಲು

ಪ್ರಶ್ನೆ: ಚೆಸ್ ಮೊದಲಿಂದ ಆಡುತ್ತೇನೆ. ‘ಮೂರು ನಡೆಯಲ್ಲಿ ಮೇಟ್ ಮಾಡಿ’ (ಅಂದರೆ ಎದುರಾಳಿ ರಾಜನಿಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದಂತೆ ಚೆಕ್ ಕೊಡಿ) ಅನ್ನುವಂಥ ಸಮಸ್ಯೆಗಳ ಹುಚ್ಚು ಹತ್ತಿದ್ದು ಮಾತ್ರ ಈಚೆಗೆ. ಅಲ್ಲಿ ಜೆಕ್ ದೇಶದ ಮಿರೊಸ್ಲಾವ್ ಹಾವೆಲ್ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಯಾರಿವರು? ಇವರ ಸಮಸ್ಯೆಗಳಲ್ಲಿ ‘ಮಾಡೆಲ್ ಮೇಟ್’ ಇರುತ್ತದಂತೆ. ಮೇಟ್ ಅಂದರೆ ಮೇಟ್ ಅಲ್ವಾ, ಅದರಲ್ಲೇನು ವಿಶೇಷ?

ಉತ್ತರ: ಇವರು ಇಂಥ ಚೆಸ್ ಸಮಸ್ಯೆಗಳನ್ನು ಕಟ್ಟುತ್ತಿದ್ದವರು. ಹಾವೆಲ್ ಅನ್ನುವುದು ಕಾವ್ಯನಾಮ. ನಿಜವಾದ ಹೆಸರು ಮಿರೊಸ್ಲಾವ್ ಕೊಶ್ಟ್ಯಾಲ್. ಹುಟ್ಟಿದ್ದು 1881ರಲ್ಲಿ, ಆಗ ಬೊಹೀಮಿಯಾ, ಅಂದರೆ ಈಗಿನ ಜೆಕ್ ದೇಶದ ಪಶ್ಚಿಮ ಭಾಗ, ಇನ್ನೂ ಆಸ್ಟ್ರಿಯಾ-ಹಂಗೆರಿಯ ಕೈಯಲ್ಲಿತ್ತು. ತೀರಿಕೊಂಡಿದ್ದು 1958ರಲ್ಲಿ.

ಈಗ ನಿಮ್ಮ ಅಸಲು ಪ್ರಶ್ನೆ. ಓದಿ ಬಿಡಬೇಡಿ, ಬೋರ್ಡ್ ತೆಗೆದು ಇಡಿ. ಬಿಳಿಯ ಕಡೆಯಿಂದ ನೋಡಿದರೆ ಸಾಲುಗಳು ಎಡದಿಂದ ಬಲಕ್ಕೆ ಎಯಿಂದ ಎಚ್, ಕೆಳಗಿನಿಂದ ಮೇಲಕ್ಕೆ 1ರಿಂದ 8. ಕಪ್ಪು ರಾಜ ಎಚ್8ರ ಮೂಲೆಯಲ್ಲಿ. ಬಿಳಿ ರಾಣಿ ಜಿ7ರಲ್ಲಿ, ಬಿಳಿ ರಾಜ ಜಿ6ರಲ್ಲಿ. ಮೇಟ್, ಎಲ್ಲರೂ ನೂರು ಸಲ ಮಾಡಿರುವಂಥದ್ದೇ. ಈಗ ಎಚ್7ರ ಮನೆ ನೋಡಿ. ಅದನ್ನು ರಾಣಿಯೂ ಕಾಯುತ್ತಿದ್ದಾಳೆ, ರಾಜನೂ ಕಾಯುತ್ತಿದ್ದಾನೆ. ಒಂದು ಕಾವಲು ಸುಮ್ನೆ ದಂಡ. ಬಿಳಿ ರಾಜನನ್ನು ಒಂದೇ ಮನೆ ಪಕ್ಕಕ್ಕೆ, ಎಫ್6ಕ್ಕೆ ಸರಿಸಿ. ಈಗಲೂ ಮೇಟ್. ಆದರೆ ಎಚ್7 ಮತ್ತು ಜಿ8 ರಾಣಿಯ ಪಾಲು, ರಾಣಿ ನಿಂತ ಜಿ7 ರಾಜನ ಪಾಲು, ಒಂದು ಮನೆಗೆ ಒಂದೇ ಕಾವಲು. ಇದೇ ಮಾಡೆಲ್ ಮೇಟ್. ಜೊತೆಗೆ ಇನ್ನೊಂದು ಷರತ್ತಿದೆ: ರಾಜ ಮತ್ತು ಪದಾತಿಗಳನ್ನು ಬಿಟ್ಟು ಉಳಿದ ಪ್ರತಿಯೊಂದು ಬಿಳಿ ಕಾಯಿಗೂ ಆ ಮೇಟ್‌ನಲ್ಲಿ ಕೆಲಸ ಇರಲೇಬೇಕು.

ಒಂದು ಮಾಡೆಲ್ ಮೇಟ್ ಮಾಡುವುದು ದೊಡ್ಡ ವಿಷಯವಲ್ಲ. ಹಾವೆಲ್ ಹುಟ್ಟುವ ಮೊದಲೇ ಆಂಟೊನಿನ್ ಕೋನಿಗ್, ಆಮೇಲೆ ಯಾನ್ ಡೊಬ್ರುಸ್ಕಿ, ಹೀಗೆ ಅಲ್ಲಿನ ಸಮಸ್ಯೆ ಕಟ್ಟುವವರೆಲ್ಲ ಬೆಳೆಸಿದ ಬೊಹೀಮಿಯನ್ ಶೈಲಿ ಕೇಳುವುದು ಅದಕ್ಕಿಂತ ಜಾಸ್ತಿ. ಒಂದೇ ಸಮಸ್ಯೆಯಲ್ಲಿ ಕಪ್ಪು ಹೀಗೆ ಆಡಿದರೆ ಒಂದು ಮಾಡೆಲ್ ಮೇಟ್, ಹಾಗೆ ಆಡಿದರೆ ಇನ್ನೊಂದು, ಮತ್ತೊಂದು ಥರ ತಪ್ಪಿಸಿಕೊಂಡರೆ ಮೂರನೆಯದು, ಕಡಿಮೆ ಅಂದರೂ ಮೂರು ಬೇಕು, ಅದೂ ಅವೇ ನಾಲ್ಕಾರು ಬಿಳಿ ಕಾಯಿಗಳಿಂದ! ಬೋರ್ಡ್ ತುಂಬ ಕಾಯಿ ಪೇರಿಸುವ ಹಾಗಿಲ್ಲ. ಶುರುವಿನ ನಡೆ ಒಂದೇ ಇರಬೇಕು, ಎರಡನೇ ದಾರಿ ಸಿಕ್ಕಿತೋ, ತಿಂಗಳುಗಟ್ಟಲೆ ಪಟ್ಟ ಶ್ರಮ ನೀರುಪಾಲು. ಕಂಪ್ಯೂಟರ್ ಇಲ್ಲದ ಕಾಲ ಅದು, ಎಲ್ಲ ದಾರಿಗಳನ್ನೂ ಕೈಯಲ್ಲೇ ನಡೆಸಿ ನೋಡಬೇಕು.

ಹಾವೆಲ್‌ರ ಸಮಸ್ಯೆಗಳಲ್ಲಿ ನನಗೆ ತುಂಬ ಇಷ್ಟವಾಗುವುದು ಆ ಹಗುರ. ಕಾಯಿಗಳು ದೂರ ದೂರ ನಿಂತಿರುತ್ತವೆ, ಕಪ್ಪು ರಾಜನಿಗೆ ಓಡಾಡಲು ಜಾಗ ಇರುತ್ತದೆ, ಬಿಳಿ ಚೆಕ್ ಕೊಡದೆ ಒಂದು ಸಣ್ಣ ನಡೆ ಇಡುತ್ತದೆ. ರಾಜ ಎಲ್ಲಿಗೆ ಹೋದರೂ ಅಲ್ಲೊಂದು ಚೊಕ್ಕ ಮೇಟ್ ಕಾದಿರುತ್ತದೆ.

ಅಮೆರಿಕದ ಅಲೈನ್ ವೈಟ್ ಪ್ರತಿ ಕ್ರಿಸ್‌ಮಸ್‌ಗೂ ಚೆಸ್ ಸಮಸ್ಯೆಗಳ ಪುಸ್ತಕ ಮಾಡಿಸಿ ಸ್ನೇಹಿತರಿಗೆ ಕಾಣಿಕೆ ಕೊಡುತ್ತಿದ್ದರು. 1923ರಲ್ಲಿ ಆ ಸಾಲಿನಲ್ಲಿ ಬಂದದ್ದು ಹಾವೆಲ್‌ರ 500 ಸಮಸ್ಯೆಗಳು. ಪುಸ್ತಕದ ಹೆಸರು ‘ಬೊಹೀಮಿಯನ್ ಗಾರ್ನೆಟ್ಸ್’. ಗಾರ್ನೆಟ್ ಅಂದರೆ ಬೊಹೀಮಿಯಾದ ನೆಲದಲ್ಲಿ ಸಿಗುವ ಕಡುಗೆಂಪು ಹರಳು, ಗಾತ್ರ ಪುಟ್ಟದು. ಇಷ್ಟು ಸರಿಯಾದ ಹೆಸರು ಬೇರೆ ಸಿಗುತ್ತಿರಲಿಲ್ಲ ಅನ್ನಿಸುತ್ತದೆ.

ಪ್ರಶ್ನೆ: ಇಂಥ ಸಮಸ್ಯೆ ಬಿಡಿಸಲು ಕೂತರೆ ಮೊದಲ ನಡೆಯಲ್ಲೇ ಸಿಕ್ಕಿಬೀಳುತ್ತೇನೆ. ಏನು ಮಾಡಲಿ?

ಉತ್ತರ: ಚೆಕ್ ಕೊಡುವ ಆಸೆ ಮೊದಲು ಬಿಡಿ, ಈ ಶೈಲಿಯಲ್ಲಿ ಮೊದಲ ನಡೆ ಚೆಕ್ ಆಗಿರುವುದು ಅಪರೂಪ. ಕಪ್ಪು ರಾಜನ ಸುತ್ತಲಿನ ಒಂದೊಂದು ಮನೆಯನ್ನೂ ಯಾರು ಕಾಯುತ್ತಿದ್ದಾರೆ ನೋಡಿ. ಆಮೇಲೆ, ಯಾವ ಬಿಳಿ ಕಾಯಿ ಸುಮ್ಮನೆ ದೂರ ಕೂತಿದೆ ಅಂತ ಹುಡುಕಿ. ಮೊದಲ ನಡೆ ಎಷ್ಟೋ ಸಲ ಅದರದ್ದೇ ಆಗಿರುತ್ತದೆ.